ಅಗ್ಗದಂಗಡಿಯ ಫ್ರೀಜರಿನಲ್ಲಿ ಆರು ಶನಿವಾರ

ಜರ್ಮನಿಯ ನ್ಯೂರೆಂಬರ್ಗ್‌ಗೆ ಬಂದು ಮೂರು ವರ್ಷವಾಗುವವರೆಗೂ ನಮ್ಮ ಮನೆಯ ದಿನಸಿ ಎರಡು ಅಂಗಡಿಗಳ ನಡುವೆ ಹಂಚಿಹೋಗಿತ್ತು. ಹಾಲು, ಮೊಸರು, ಆಲೂಗಡ್ಡೆ, ಈರುಳ್ಳಿ, ಟೊಮೆಟೊಗಳಿಗೆ ಹಿಂದಿನ ಬೀದಿಯ ಅಗ್ಗದ ಅಂಗಡಿ. ರವೆ, ಬೇಳೆ, ಸೊಪ್ಪು, ತೆಂಗಿನ ತುರಿಗೆ ಟ್ರಾಮ್ ಹಿಡಿದು ಹೋಗಬೇಕಾದ ಭಾರತೀಯ ಅಂಗಡಿ. ಕಳೆದ ನವೆಂಬರಿನ ಕೊನೆಯಲ್ಲಿ ತಿಂಗಳ ಚೀಟಿಗಳನ್ನೆಲ್ಲ ಕೂಡಿಸಿ ನೋಡಿದಾಗ, ತೂಕದಲ್ಲಿ ಕಾಲು ಭಾಗವೂ ಇಲ್ಲದ ಭಾರತೀಯ ಸಾಮಾನಿಗೆ ಅರ್ಧಕ್ಕಿಂತ ಹೆಚ್ಚು ಹಣ ಹೋಗಿರುವುದು ಕಂಡಿತು. ಅಗ್ಗದ ಅಂಗಡಿಯಲ್ಲೇ ಎರಡು ಸಾಲು ಫ್ರೀಜರ್‌ಗಳಿದ್ದವು, ಎದೆಯೆತ್ತರದವರೆಗೆ ಪೇರಿಸಿದ ಡಬ್ಬಿಗಳಿದ್ದವು. ಬಟಾಣಿಯ ಪೊಟ್ಟಣವೊಂದನ್ನು ಬಿಟ್ಟರೆ ಅವುಗಳಲ್ಲಿ ಯಾವುದನ್ನೂ ನಾನು ಮುಟ್ಟಿರಲಿಲ್ಲ.

ಆದ್ದರಿಂದ ಮನೆಯಲ್ಲಿ ಒಂದು ನಿಯಮ ಮಾಡಿಕೊಂಡೆವು. ಡಿಸೆಂಬರಿನ ಮೊದಲ ಶನಿವಾರದಿಂದ ಆರು ಶನಿವಾರಗಳು, ಪ್ರತಿ ಸಲ ಹತ್ತು ಯೂರೋ ಮೀರದಂತೆ, ಇದುವರೆಗೆ ಮನೆಗೆ ತಾರದ ಪೊಟ್ಟಣ, ಡಬ್ಬಿ ಮತ್ತು ಫ್ರೀಜರಿನ ಪದಾರ್ಥಗಳನ್ನೇ ಕೊಳ್ಳಬೇಕು. ಕೊಂಡದ್ದನ್ನು ಮುಂದಿನ ಶನಿವಾರದೊಳಗೆ ತಿಂದು ಗೋಡೆಯ ಕ್ಯಾಲೆಂಡರಿನಲ್ಲಿ ಷರಾ ಬರೆಯಬೇಕು. ನಾವು ಮೊಟ್ಟೆಯನ್ನೂ ತಿನ್ನದವರಾದ್ದರಿಂದ ಆಯ್ಕೆ ಹೊರಡುವ ಮೊದಲೇ ಅರ್ಧಕ್ಕೆ ಇಳಿದಿತ್ತು. ಶನಿವಾರವೇ ಏಕೆಂದರೆ, ಇಲ್ಲಿ ಭಾನುವಾರ ಅಂಗಡಿಗಳು ತೆರೆಯುವುದಿಲ್ಲ. ಈ ಊರಿರುವ ಬವೇರಿಯಾ ರಾಜ್ಯದಲ್ಲಿ ಉಳಿದ ದಿನಗಳಲ್ಲೂ ರಾತ್ರಿ 8ಕ್ಕೆ ಬಾಗಿಲು ಹಾಕುತ್ತಾರೆ. ಶನಿವಾರ ಸಂಜೆ ಏಳೂವರೆಗೆ ಅಲ್ಲಿ ನಿಂತರೆ ನಾಳೆ ಊರಿಗೆ ಊರೇ ಉಪವಾಸವಿರಲಿದೆಯೇನೋ ಎಂಬಂತೆ ಜನ ಗಾಡಿ ತುಂಬುತ್ತಿರುತ್ತಾರೆ.

ಯಾವ ಅಂಗಡಿ ಎಂದು ಹೇಳುವುದಿಲ್ಲ. ಆಲ್ಡಿ, ಲಿಡ್ಲ್, ಪೆನ್ನಿ, ನೆಟ್ಟೊ, ನೋರ್ಮಾ ಎಂದು ಈ ದೇಶದಲ್ಲಿ ಇಂತಹ ಸರಪಳಿ ಅಂಗಡಿಗಳು ಹಲವಿವೆ. ಒಂದರೊಳಗೆ ಕಣ್ಣು ಕಟ್ಟಿ ಬಿಟ್ಟು ಇನ್ನೊಂದರಲ್ಲಿ ಕಣ್ಣು ಬಿಡಿಸಿದರೆ ನನಗಂತೂ ವ್ಯತ್ಯಾಸ ತಿಳಿಯುವುದು ಕಷ್ಟ. ಇಲ್ಲಿನವರು ಇವನ್ನು ಡಿಸ್ಕೌಂಟರ್ ಎನ್ನುತ್ತಾರೆ. ಹೆಸರು ಕೇಳಿದರೆ ನಮ್ಮ ಕಡೆಯ ಆಷಾಢದ ರಿಯಾಯಿತಿ ಮಾರಾಟ ನೆನಪಾಗಬಹುದು, ಆದರೆ ಇಲ್ಲಿ ಮೊದಲು ಏರಿಸಿ ಆಮೇಲೆ ಇಳಿಸುವ ಬೆಲೆಯಿಲ್ಲ. ವರ್ಷವಿಡೀ ಕಡಿಮೆ ಬೆಲೆಯೇ ಪದ್ಧತಿ. ಇದರ ಮೂಲ ಎಸೆನ್ ನಗರದ ಒಂದು ಸಣ್ಣ ಅಂಗಡಿಯಲ್ಲಿದೆ. ಅನ್ನಾ ಆಲ್‌ಬ್ರೆಕ್ಟ್ ಎಂಬಾಕೆ 1913ರಲ್ಲಿ ತೆರೆದ ಆ ಅಂಗಡಿಯನ್ನು ಎರಡನೆಯ ಮಹಾಯುದ್ಧದ ನಂತರ ಮಕ್ಕಳಾದ ಕಾರ್ಲ್ ಮತ್ತು ಥಿಯೋ ವಹಿಸಿಕೊಂಡರು. ಯುದ್ಧದಲ್ಲಿ ಸೋತ ಊರಿನಲ್ಲಿ ಕೊಳ್ಳುವವರ ಬಳಿ ಹಣವಿರಲಿಲ್ಲ, ಮಾರುವವರ ಬಳಿ ಬಂಡವಾಳವಿರಲಿಲ್ಲ. ಹಾಗಾಗಿ ಕೆಲವೇ ಪದಾರ್ಥಗಳನ್ನು, ಅಲಂಕಾರವಿಲ್ಲದೆ, ಕಡಿಮೆ ಲಾಭಕ್ಕೆ ಮಾರುವುದು ಅನಿವಾರ್ಯವಾಗಿತ್ತು, ಆಮೇಲೆ ಅನಿವಾರ್ಯವೇ ವ್ಯಾಪಾರದ ಗುಟ್ಟಾಯಿತು. ಸಿಗರೇಟು ಮಾರಬೇಕೇ ಬೇಡವೇ ಎಂಬ ವಿಷಯದಲ್ಲಿ ಮನಸ್ತಾಪ ಬಂದು 1960ರ ದಶಕದ ಆರಂಭದಲ್ಲಿ ಅಣ್ಣತಮ್ಮಂದಿರು ದೇಶವನ್ನೇ ಉತ್ತರ ದಕ್ಷಿಣವೆಂದು ಪಾಲು ಮಾಡಿಕೊಂಡರು ಎಂದು ಹೇಳುತ್ತಾರೆ. ‘ಆಲ್‌ಬ್ರೆಕ್ಟ್ ಡಿಸ್ಕೌಂಟ್’ ಎಂಬುದರ ಮೊದಲಕ್ಷರಗಳಿಂದ ಆಲ್ಡಿ ಎಂಬ ಹೆಸರು ಬಂದದ್ದು 1962ರಲ್ಲಿ. ಲಿಡ್ಲ್ ತನ್ನ ಮೊದಲ ಡಿಸ್ಕೌಂಟ್ ಅಂಗಡಿಯನ್ನು ತೆರೆದದ್ದು 1973ರಲ್ಲಿ, ಲುಡ್‌ವಿಗ್ಸ್‌ಹಾಫೆನ್‌ನಲ್ಲಿ.

ಅಗ್ಗವಾಗಿರುವುದಕ್ಕೆ ಕಾರಣವನ್ನು ಅಂಗಡಿಯೊಳಗೆ ನಿಂತೇ ನೋಡಬಹುದು. ಕಾರ್ಖಾನೆಯಿಂದ ಬಂದ ರಟ್ಟಿನ ಪೆಟ್ಟಿಗೆಯ ಮುಂಭಾಗವನ್ನು ಕಿತ್ತು ಹಾಗೆಯೇ ಇಟ್ಟಿರುತ್ತಾರೆ, ಒಂದೊಂದೇ ಡಬ್ಬಿಯನ್ನು ತೆಗೆದು ಜೋಡಿಸುವ ಕೆಲಸವಿಲ್ಲ. ದೊಡ್ಡ ಸೂಪರ್‌ಮಾರ್ಕೆಟ್ಟಿನಲ್ಲಿ ಹತ್ತು ಸಾವಿರಕ್ಕೂ ಮೀರಿದ ಬಗೆಗಳಿದ್ದರೆ ಇಲ್ಲಿ ಎರಡು ಮೂರು ಸಾವಿರ. ಸೂಪರ್‌ಮಾರ್ಕೆಟ್ಟಿನಲ್ಲಿ ಎಂಟು ಕಂಪನಿಗಳ ಬಟಾಣಿಯಿದ್ದರೆ ಇಲ್ಲಿ ಒಂದು ಅಥವಾ ಎರಡು, ಅವೂ ಹೆಚ್ಚಾಗಿ ಅಂಗಡಿಯದೇ ಹೆಸರಿನವು. ತಳ್ಳುಗಾಡಿ ಬೇಕಾದರೆ ಒಂದು ಯೂರೋ ನಾಣ್ಯ ಸಿಕ್ಕಿಸಬೇಕು. ನಾಣ್ಯ ಮರಳಿ ಬೇಕಾದವರು ಗಾಡಿಯನ್ನು ತಾವೇ ತಂದು ಕಟ್ಟುತ್ತಾರಾದ್ದರಿಂದ ಅದಕ್ಕೊಬ್ಬ ಆಳು ಬೇಡ. ಪೊಟ್ಟಣಗಳ ಮೇಲೆ ಮೂರು ನಾಲ್ಕು ಕಡೆ ಬಾರ್‌ಕೋಡ್ ಅಚ್ಚಾಗಿರುತ್ತದೆ, ಹೇಗೆ ಹಿಡಿದರೂ ಯಂತ್ರ ಓದಬೇಕೆಂದು. ಕುಳಿತೇ ಕೆಲಸ ಮಾಡುವ ಕ್ಯಾಷಿಯರ್‌ನ ಕೈವೇಗಕ್ಕೆ ಸಮನಾಗಿ ಸಾಮಾನನ್ನು ಚೀಲಕ್ಕೆ ತುಂಬಿದ ಭಾರತೀಯರನ್ನು ನಾನಿನ್ನೂ ಕಂಡಿಲ್ಲ. ಎಲ್ಲವನ್ನೂ ಗಾಡಿಗೆ ಬಾಚಿಕೊಂಡು ಕಿಟಕಿಯ ಪಕ್ಕದ ಹಲಗೆಯ ಹತ್ತಿರ ಹೋಗಿ ಆಮೇಲೆ ತುಂಬಿಕೊಳ್ಳಬೇಕೆಂಬ ರೂಢಿ ನನಗೆ ತಿಳಿದದ್ದು ಹಿಂದೆ ನಿಂತವರ ಮೌನದಿಂದ.

ಮೊದಲ ಶನಿವಾರ ಕೊಂಡದ್ದರಲ್ಲಿ ಮುಖ್ಯವಾದದ್ದು ರವೆ. ಕೇಕಿನ ಹಿಟ್ಟು, ಬೇಕಿಂಗ್ ಪೌಡರುಗಳ ಸಾಲಿನಲ್ಲಿ ‘ಗ್ರೀಸ್’ ಎಂದು ಬರೆದ ಕಾಗದದ ಪೊಟ್ಟಣವಿರುತ್ತದೆ. ಇಲ್ಲಿನವರು ಅದನ್ನು ಹಾಲಿನಲ್ಲಿ ಬೇಯಿಸಿ ಮಕ್ಕಳಿಗೆ ಸಿಹಿ ಗಂಜಿ ಮಾಡಿಕೊಡುತ್ತಾರೆ. ಭಾರತೀಯ ಅಂಗಡಿಯ ರವೆಯ ಅರ್ಧ ಬೆಲೆಗೂ ಕಡಿಮೆಗೆ ಸಿಕ್ಕಿತೆಂದು ಹಿಗ್ಗಿ ಭಾನುವಾರ ಬೆಳಿಗ್ಗೆಯೇ ಉಪ್ಪಿಟ್ಟಿಗೆ ಇಟ್ಟೆ. ಒಂದಕ್ಕೆ ಎರಡೂವರೆ ನೀರು, ನಮ್ಮ ಮನೆಯ ಎಂದಿನ ಅಳತೆ. ಬಾಣಲೆಯಲ್ಲಿ ಆದದ್ದು ಉಪ್ಪಿಟ್ಟಲ್ಲ, ಗೋಡೆಗೆ ಪೋಸ್ಟರ್ ಅಂಟಿಸಲು ಕಾಯಿಸುವ ಮೈದಾ ಸರಿ. ಸಾಸಿವೆ, ಉದ್ದಿನಬೇಳೆಗಳು ಅದರೊಳಗೆ ಸಿಕ್ಕಿಬಿದ್ದು ಅಲ್ಲಾಡದೆ ನಿಂತಿದ್ದವು. ಮನೆಯವರು ಎರಡು ತುತ್ತು ತಿಂದು ಉಪ್ಪಿನಕಾಯಿಯ ಬಾಟಲಿಯನ್ನು ಹತ್ತಿರಕ್ಕೆ ಎಳೆದುಕೊಂಡರು; ಅವರ ಭಾಷೆಯಲ್ಲಿ ಅದಕ್ಕಿಂತ ಕಠಿಣವಾದ ವಿಮರ್ಶೆಯಿಲ್ಲ.

ತಪ್ಪು ರವೆಯದಲ್ಲ, ಓದದ ನನ್ನದು. ಪೊಟ್ಟಣದ ಮೇಲೆ ‘ವೈಚ್‌ವೈಟ್ಸನ್’ ಎಂದಿತ್ತು, ಅಂದರೆ ಮೆದು ಗೋಧಿ. ಅದು ನಮ್ಮ ಚಿರೋಟಿ ರವೆಯಷ್ಟು ನಯವಾಗಿದ್ದು ನೀರು ಕಂಡೊಡನೆ ಕರಗುತ್ತದೆ. ಅದರ ಪಕ್ಕದಲ್ಲೇ ಸ್ವಲ್ಪ ಹೆಚ್ಚು ಬೆಲೆಗೆ ‘ಹಾರ್ಟ್‌ವೈಟ್ಸನ್’ ಎಂಬ ಗಟ್ಟಿ ಗೋಧಿಯ ರವೆಯಿತ್ತು, ಹಳದಿ ಬಣ್ಣದ್ದು. ಪಾಸ್ತಾ ಮಾಡುವುದು ಈ ಗಟ್ಟಿ ಗೋಧಿಯಿಂದಲೇ. ನಮ್ಮ ಬನ್ಸಿ ರವೆಯೂ ಅದೇ ಜಾತಿಯದು. ಎರಡನೆಯ ವಾರ ಅದನ್ನು ತಂದು, ಎರಡು ಚಮಚ ತುಪ್ಪ ಹಾಕಿ, ಪರಿಮಳ ಬರುವವರೆಗೆ ಎಂದಿಗಿಂತ ಐದು ನಿಮಿಷ ಹೆಚ್ಚಾಗಿಯೇ ಹುರಿದು, ನೀರನ್ನು ಎರಡಕ್ಕೆ ಇಳಿಸಿದೆ. ಉದುರುದುರಾಗಿ, ಹೋಟೆಲಿನ ತಟ್ಟೆಯಲ್ಲಿ ಬಟ್ಟಲಿನಿಂದ ಕವುಚಿ ಕೊಡುವ ಆಕಾರದಲ್ಲೇ ನಿಂತಿತು. ಮೆದು ಗೋಧಿಯ ಉಳಿದ ರವೆ ಕೇಸರಿಭಾತಿಗೆ ಚೆನ್ನಾಗಿ ಒದಗಿತು, ಏಕೆಂದರೆ ಅಲ್ಲಿ ಕರಗುವುದೇ ಗುಣ. ಹೀಗೆ ತೊಂಬತ್ತು ಸೆಂಟಿನ ಆಸುಪಾಸಿನ ಪದಾರ್ಥವೊಂದು ಭಾರತೀಯ ಅಂಗಡಿಯ ಪಟ್ಟಿಯಿಂದ ಮೊದಲ ಸಾಲನ್ನು ಹೊಡೆದುಹಾಕಿತು.

ಫ್ರೀಜರಿನ ವಿಷಯದಲ್ಲಿ ನನಗಿದ್ದ ಅಳುಕು ತಿಪಟೂರಿನ ಮನೆಯಿಂದ ಬಂದದ್ದು. ಸಂತೆಯಿಂದ ತಂದ ತರಕಾರಿ ಎರಡನೆಯ ದಿನಕ್ಕೆ ಬಾಡಿದರೆ ಅಮ್ಮ ಅದನ್ನು ದನಕ್ಕೆ ಹಾಕುತ್ತಿದ್ದರು, ಆರು ತಿಂಗಳ ಹಿಂದಿನ ಬಟಾಣಿಯನ್ನು ದುಡ್ಡು ಕೊಟ್ಟು ತರುತ್ತೇನೆಂದರೆ ಅವರು ಫೋನಿನಲ್ಲಿ, “ಕಲ್ಲಿನ ಥರ ಇರೋದನ್ನ ಬೇಯಿಸಿಕೊಂಡು ತಿಂತೀಯೇನೇ?” ಎಂದು ಕೇಳಿದ್ದು ಸಹಜ. ಆದರೆ ಕಲ್ಲಾಗುವುದರಲ್ಲೂ ಎರಡು ಬಗೆಯಿದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ತರಕಾರಿಯೊಳಗಿನ ನೀರು ದೊಡ್ಡ ಹರಳುಗಳಾಗಿ ಜೀವಕೋಶಗಳ ಗೋಡೆಯನ್ನು ಒಡೆಯುತ್ತದೆ, ಕರಗಿದಾಗ ಎಲ್ಲವೂ ಮುದ್ದೆ. ಅತಿ ವೇಗವಾಗಿ ಹೆಪ್ಪುಗಟ್ಟಿದರೆ ಹರಳುಗಳು ಸಣ್ಣವಾಗಿಯೇ ಉಳಿದು ಗೋಡೆಗೆ ಅಷ್ಟು ಹಾನಿಯಾಗುವುದಿಲ್ಲ. ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕನ್ ಕಳೆದ ಶತಮಾನದ ಎರಡನೆಯ ದಶಕದಲ್ಲಿ ಕೆನಡಾದ ಲ್ಯಾಬ್ರಡಾರ್‌ನಲ್ಲಿದ್ದಾಗ, ಅಲ್ಲಿನ ಇನ್ಯೂಟ್ ಜನ ಹಿಡಿದ ಮೀನು ಕೊರೆಯುವ ಗಾಳಿಯಲ್ಲಿ ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿ, ತಿಂಗಳುಗಳ ನಂತರವೂ ಹೊಸದರಂತೆ ಇರುವುದನ್ನು ಕಂಡು ಈ ವೇಗದ ತತ್ವವನ್ನು ಯಂತ್ರಕ್ಕೆ ತಂದ. ಅವನ ಹೆಸರಿನ ಪೊಟ್ಟಣಗಳು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮಾರಾಟಕ್ಕೆ ಬಂದದ್ದು 1930ರಲ್ಲಿ. ಬಟಾಣಿಯನ್ನು ಕಿತ್ತ ಕೆಲವೇ ಗಂಟೆಗಳಲ್ಲಿ ಒಂದೆರಡು ನಿಮಿಷ ಬಿಸಿನೀರಿನಲ್ಲಿ ಅದ್ದಿ, ಬಣ್ಣ ಮತ್ತು ರುಚಿ ಕೆಡಿಸುವ ಕಿಣ್ವಗಳನ್ನು ಅಡಗಿಸಿ, ಆಮೇಲೆ ಹೆಪ್ಪುಗಟ್ಟಿಸುತ್ತಾರೆ. ಅಲ್ಲಿಂದ ಅಡುಗೆಮನೆಯವರೆಗೆ ಮೈನಸ್ 18 ಡಿಗ್ರಿ ತಪ್ಪಬಾರದು. ಡಿಸೆಂಬರಿನಲ್ಲಿ ಈ ನಿಯಮದ ಬಗ್ಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಹನ್ನೆರಡು ನಿಮಿಷ ನಡೆದು ಮನೆ ತಲುಪುವಷ್ಟರಲ್ಲಿ ಪೊಟ್ಟಣಕ್ಕಿಂತ ಮೊದಲು ನನ್ನ ಬೆರಳುಗಳೇ ಹೆಪ್ಪುಗಟ್ಟುತ್ತಿದ್ದವು.

ಪಾಲಕ್ ಸೊಪ್ಪು ಸಣ್ಣ ಉಂಡೆಗಳಾಗಿ ಬರುತ್ತದೆ, ಬೇಕಾದಷ್ಟು ಉಂಡೆ ತೆಗೆದು ಉಳಿದದ್ದನ್ನು ಮರಳಿ ಇಡಬಹುದು. ಬೇಯಿಸಿದ ಬೇಳೆಗೆ ಹಾಕಿ ಮಸ್ಸೊಪ್ಪು ಮಾಡಿದರೆ ಹಸಿ ಸೊಪ್ಪಿನದೋ ಫ್ರೀಜರಿನದೋ ಎಂದು ಹೇಳಲಾಗದು. ಹೇಗಿದ್ದರೂ ಮಸೆಯುವುದೇ ತಾನೆ. ಬೇಳೆಯೂ ಇಲ್ಲಿಯದೇ: ‘ರೋಟೆ ಲಿನ್ಸನ್’ ಎಂಬ ಹೆಸರಿನಲ್ಲಿ ಸಿಗುವುದು ನಮ್ಮ ಚನ್ನಂಗಿ ಬೇಳೆ, ಕುಕ್ಕರ್ ಇಲ್ಲದೆ ಹತ್ತು ನಿಮಿಷಕ್ಕೆ ಬೇಯುತ್ತದೆ. ಕೆನೆ ಬೆರೆಸಿದ ಪಾಲಕ್ಕಿನ ಪೊಟ್ಟಣವೂ ಪಕ್ಕದಲ್ಲೇ ಇರುತ್ತದೆ, ಚಿತ್ರಗಳು ಹೆಚ್ಚುಕಡಿಮೆ ಒಂದೇ. ಒಮ್ಮೆ ಅದನ್ನು ತಂದು ಬೇಳೆಗೆ ಹಾಕಿದಾಗ ಆದದ್ದಕ್ಕೆ ಕನ್ನಡದಲ್ಲಿ ಹೆಸರಿಲ್ಲ. ಹುರುಳಿಕಾಯಿಯ ಪಲ್ಯ ಮೊದಲ ಸಲ ನೀರುನೀರಾಯಿತು. ಕರಗಿಸದೆ, ಮುಚ್ಚಳ ಮುಚ್ಚದೆ, ಜೋರು ಉರಿಯಲ್ಲಿ ನೇರವಾಗಿ ಒಗ್ಗರಣೆಗೆ ಸುರಿದು ಕೊನೆಯಲ್ಲಿ ಉಪ್ಪು ಹಾಕಿದರೆ ಪರವಾಗಿಲ್ಲ ಎನ್ನುವಂತೆ ಆಗುತ್ತದೆ. ಪರವಾಗಿಲ್ಲ, ಅಷ್ಟೇ. ಹೂಕೋಸು, ಕ್ಯಾರೆಟ್, ಬ್ರೊಕೊಲಿಗಳ ಮಿಶ್ರಣವೊಂದಿದೆ, ಅದು ಸಾಗುವಿಗೆ ಸರಿ.

ಆದರೆ ಈ ಆರು ವಾರಗಳಲ್ಲಿ ನನ್ನನ್ನು ನಿಜವಾಗಿ ನಿಲ್ಲಿಸಿದ್ದು ಮೂರನೆಯ ಶನಿವಾರ ಸಿಕ್ಕ ‘ಡಿಕ್ಕೆ ಬೋನನ್’. ಪದಕ್ಕೆ ಪದ ಅರ್ಥ ಹೇಳಿದರೆ ದಪ್ಪ ಕಾಳು. ಯಾವಾಗಲೂ ಸಿಗುವುದಿಲ್ಲ, ಫ್ರೀಜರಿನ ಮೂಲೆಯಲ್ಲಿ ಆ ವಾರ ಮಾತ್ರ ಬಿದ್ದಿತ್ತು. ಹೆಬ್ಬೆರಳಿನ ಉಗುರಿನಷ್ಟು ಅಗಲದ, ಬೂದು ಹಸಿರು ಸಿಪ್ಪೆಯ ಕಾಳುಗಳು. ಇಲ್ಲಿನವರು ಅದನ್ನು ಹಂದಿಮಾಂಸದ ತುಣುಕಿನೊಂದಿಗೆ ಬೇಯಿಸುತ್ತಾರಂತೆ. ಬಟ್ಟಲಲ್ಲಿ ಬಿಸಿನೀರು ಹಾಕಿ ಐದು ನಿಮಿಷ ಬಿಟ್ಟು, ಬೆಂದಿದೆಯೇ ನೋಡೋಣವೆಂದು ಒಂದನ್ನು ಬೆರಳ ನಡುವೆ ಒತ್ತಿದರೆ ಸಿಪ್ಪೆ ಹಿಂದೆ ಉಳಿದು ಒಳಗಿನ ಎಳೆಹಸಿರು ಬೇಳೆ ಚಿಮ್ಮಿ ಗೋಡೆಗೆ ಬಡಿಯಿತು. ಆ ಚಿಮ್ಮುವಿಕೆಯನ್ನು ಕೈ ಗುರುತಿಸಿತು. ಜನವರಿಯ ರಾತ್ರಿಗಳಲ್ಲಿ ಅಮ್ಮ, ದೊಡ್ಡಮ್ಮ, ನಾವು ಮಕ್ಕಳೆಲ್ಲ ನೀರಿನ ಬೇಸಿನ್ ಸುತ್ತ ಕುಳಿತು ಅವರೆಕಾಳು ಹಿತುಕುವಾಗ ಬೆರಳಿಗೆ ಆಗುತ್ತಿದ್ದದ್ದು ಇದೇ. ಅರ್ಧ ಗಂಟೆಯಲ್ಲಿ ಪೊಟ್ಟಣ ಪೂರ್ತಿ ಹಿತುಕಿ ಮುಗಿಸಿದೆ. ತೆಂಗಿನಕಾಯಿ, ಧನಿಯ, ಚಕ್ಕೆ, ಲವಂಗ, ಗಸಗಸೆ ರುಬ್ಬಿ ಹಾಕಿ ಹಿತಕಿದ ಬೇಳೆಯ ಹುಳಿ ಮಾಡಿದೆ.

ಅವರೆಯ ಸೊಗಡು ಇರಲಿಲ್ಲ. ಇರಲು ಸಾಧ್ಯವೂ ಇಲ್ಲ; ಅದು ಬೇರೆ ಜಾತಿಯ ಕಾಳು, ಮೇಲಾಗಿ ಆ ಸೊಗಡು ನಮ್ಮ ಕಡೆಯ ಮಾಗಿಯ ಇಬ್ಬನಿಯದು. ಕಾಳು ಸ್ವಲ್ಪ ಹಿಟ್ಟುಹಿಟ್ಟಾಗಿ, ಕೊನೆಯಲ್ಲಿ ತುಸು ಕಹಿಯಾಗಿ ನಾಲಿಗೆಗೆ ಸಿಕ್ಕಿತು. ಆದರೆ ಅದಕ್ಕೆ ಜೊತೆಯಾಗಿ ಫ್ರೀಜರಿನ ಇನ್ನೊಂದು ಮೂಲೆಯಲ್ಲಿ ಸಿಕ್ಕದ್ದು ಸಬ್ಬಸಿಗೆ ಸೊಪ್ಪು. ‘ಡಿಲ್’ ಎಂಬ ಹೆಸರಿನಲ್ಲಿ, ಹೆಚ್ಚಿ ಹೆಪ್ಪುಗಟ್ಟಿಸಿ, ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದಾದ ಪೆಟ್ಟಿಗೆಯಲ್ಲಿ ಮಾರುತ್ತಾರೆ. ಇವರು ಅದನ್ನು ಸೌತೆಕಾಯಿಯ ಸಲಾಡಿಗೂ ಮೀನಿಗೂ ಚಿಟಿಕೆಯಷ್ಟು ಉದುರಿಸುತ್ತಾರೆ. ನಾನು ಪೆಟ್ಟಿಗೆಯನ್ನು ಪೂರ್ತಿ ಹುಳಿಗೆ ಬಗ್ಗಿಸಿದೆ. ಸೊಗಡಿನ ಜಾಗವನ್ನು ಸಬ್ಬಸಿಗೆ ತುಂಬಿತು. ಎರಡನೆಯ ಪೆಟ್ಟಿಗೆ ಮಾರನೆಯ ದಿನ ಅಕ್ಕಿರೊಟ್ಟಿಗೆ ಹೋಯಿತು. ಕ್ಯಾಲೆಂಡರಿನಲ್ಲಿ ಆ ವಾರದ ಚೌಕದೊಳಗೆ ಜಾಗ ಸಾಲದೆ ಷರಾ ಪಕ್ಕದ ಚೌಕಕ್ಕೆ ಹರಿದಿದೆ.

ಇನ್ನು ‘ಬಿಸಿ ಮಾಡಿ ತಿನ್ನಿ’ ಎಂಬ ಪೂರ್ಣ ಅಡುಗೆಗಳ ವಿಷಯ. ಈ ಅಂಗಡಿಗಳಲ್ಲಿ ಆಗಾಗ ಒಂದೊಂದು ದೇಶದ ವಾರವೆಂದು ಮಾಡುತ್ತಾರೆ: ಇಟಲಿಯ ವಾರ, ಗ್ರೀಸಿನ ವಾರ, ಏಷ್ಯಾದ ವಾರ. ಏಷ್ಯಾದ ವಾರದಲ್ಲಿ ಆನೆಯ ಚಿತ್ರವಿದ್ದ ಪೆಟ್ಟಿಗೆಯಲ್ಲಿ ತರಕಾರಿ ಕರಿ ಮತ್ತು ಅನ್ನ ಇತ್ತು. ಒಂದು ಕೊಂಡರೆ ಎರಡನೆಯದು ಅರ್ಧ ಬೆಲೆಗೆ ಎಂದದ್ದರಿಂದ ಎರಡು ತಂದೆ. ಮೈಕ್ರೋವೇವಿನಿಂದ ಹೊರಬಂದದ್ದು ಹಳದಿ ಬಣ್ಣದ, ಸಿಹಿಯಾದ, ಅನಾನಸ್ ಮತ್ತು ಒಣದ್ರಾಕ್ಷಿಯ ಗೊಜ್ಜು. ಅನಾನಸ್ ಗೊಜ್ಜು ನಮಗೂ ಗೊತ್ತು, ಮದುವೆಯ ಊಟದಲ್ಲಿ ಅದಕ್ಕೆ ಬಾಳೆಯೆಲೆಯ ಮೇಲೊಂದು ಸ್ಥಾನವಿದೆ; ಆದರೆ ಅದರಲ್ಲಿ ಹುಳಿ, ಖಾರ, ಎಳ್ಳು, ಬೆಲ್ಲ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಇಲ್ಲಿ ಸಿಹಿಯನ್ನು ಹಿಡಿಯುವವರೇ ಇರಲಿಲ್ಲ. ಮೇಲೆ ಖಾರದಪುಡಿ ಉದುರಿಸಿದೆ. ಖಾರ ಬೇರೆ, ಸಿಹಿ ಬೇರೆಯಾಗಿ ಎರಡು ಊಟ ಒಟ್ಟಿಗೆ ಮಾಡಿದಂತಾಯಿತು. ‘ಮೂರು ಚೀಸ್’ ಪಿಜ್ಜಾ ಇದಕ್ಕಿಂತ ವಾಸಿ, ಹಸಿಮೆಣಸಿನಕಾಯಿ ಈರುಳ್ಳಿ ಹೆಚ್ಚಿ ಹಾಕಿದ ಮೇಲೆ ಇನ್ನೂ ವಾಸಿ. ಚೀಸ್ ವಿಷಯದಲ್ಲಿ ಮಾತ್ರ ಸಸ್ಯಾಹಾರಿಗಳು ಎಚ್ಚರದಿಂದಿರಬೇಕು. ಹಾಲನ್ನು ಒಡೆಯಲು ಬಳಸುವ ‘ಲಾಬ್’ ಎಂಬ ಪದಾರ್ಥ ಕರುವಿನ ಹೊಟ್ಟೆಯಿಂದ ಬಂದದ್ದಾಗಿರಬಹುದು, ಸೂಕ್ಷ್ಮಜೀವಿಗಳಿಂದ ತಯಾರಿಸಿದ್ದಾಗಿರಬಹುದು. ಇಟಲಿಯ ಅಸಲಿ ಪಾರ್ಮೆಸಾನಿನಲ್ಲಂತೂ ನಿಯಮದ ಪ್ರಕಾರವೇ ಮೊದಲನೆಯದು. ಹಳದಿ ಹಿನ್ನೆಲೆಯಲ್ಲಿ ಹಸಿರು ‘ವಿ’ ಇರುವ ಮುದ್ರೆ ಕಂಡರೆ ಲಾಬ್ ಬಗ್ಗೆ ನಿಶ್ಚಿಂತೆ. ನಮ್ಮಲ್ಲಿ ಕಡ್ಡಾಯವಾಗಿರುವ ಹಸಿರು ಚುಕ್ಕೆಯಂತೆ ಇಲ್ಲಿ ಅದು ಕಡ್ಡಾಯವಲ್ಲ. ಅದರ ಪಕ್ಕದಲ್ಲಿ ಕಾಣುವ ‘ಎ’ಯಿಂದ ‘ಇ’ವರೆಗಿನ ಬಣ್ಣದ ಪಟ್ಟಿ ನ್ಯೂಟ್ರಿ-ಸ್ಕೋರ್, 2020ರ ನವೆಂಬರಿನಿಂದ ಜರ್ಮನಿಯಲ್ಲಿ ಕಂಪನಿಗಳ ಇಚ್ಛೆಗೆ ಬಿಟ್ಟು ಜಾರಿಯಲ್ಲಿರುವ ಪೋಷಣೆಯ ಅಂಕ, ಅದಕ್ಕೂ ಸಸ್ಯಾಹಾರಕ್ಕೂ ಸಂಬಂಧವಿಲ್ಲ. ಹಸಿರು ಬಣ್ಣದ ‘ಎ’ ಕಂಡು ಅದನ್ನೇ ಹಸಿರು ಚುಕ್ಕೆಯೆಂದು ತಿಳಿದು ಮೋಸಹೋದ ಗೆಳತಿಯೊಬ್ಬಳಿದ್ದಾಳೆ.

ನಾನು ಮೋಸಹೋದದ್ದು ಬಟಾಣಿಯ ಡಬ್ಬಿಯಿಂದ. ‘ಎರ್ಬ್ಸನ್ ಐನ್‌ಟಾಪ್ಫ್’, ಅಂದರೆ ಬಟಾಣಿಯ ಗಟ್ಟಿ ಸೂಪು. ಡಬ್ಬಿಯ ಮೇಲೆ ಬಟಾಣಿ, ಕ್ಯಾರೆಟ್, ಆಲೂಗಡ್ಡೆಯ ಚಿತ್ರ ಎದ್ದು ಕಾಣುತ್ತಿದ್ದದ್ದರಿಂದ ನಾಲ್ಕನೆಯ ಶನಿವಾರದ ಗಡಿಬಿಡಿಯಲ್ಲಿ ಹಿಂಬದಿಯನ್ನು ಓದದೆ ತಂದೆ. ಡಬ್ಬಿ ತೆರೆಯುವ ಮೊದಲು ಮನೆಯವರು ಕನ್ನಡಕ ಏರಿಸಿ ಪದಾರ್ಥಗಳ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತ ಹೋಗಿ ‘ಸ್ಪೆಕ್’ ಎಂಬಲ್ಲಿ ನಿಂತರು. ಹೊಗೆಯಾಡಿಸಿದ ಹಂದಿಯ ಕೊಬ್ಬು. ಎಸೆಯಲು ಮನಸ್ಸಾಗದೆ ಕೆಳಗಿನ ಮನೆಯ ಅಜ್ಜಿಗೆ ಕೊಟ್ಟು ಕಾರಣ ಹೇಳಿದೆ. ಎಂಬತ್ತು ದಾಟಿದ ಅವರು ಡಬ್ಬಿಯನ್ನು ತಿರುಗಿಸಿ ನೋಡಿ, ಹಂದಿಯೂ ಬೇಡ, ಮೊಟ್ಟೆಯೂ ಬೇಡ ಎಂದರೆ ನೀವು ಕ್ಲೋಸ್ ತಿನ್ನಬಹುದಲ್ಲ ಎಂದರು. ಫ್ರಾಂಕೋನಿಯಾ ಎಂದು ಕರೆಯುವ ಈ ಭಾಗದವರ ಭಾನುವಾರದ ಊಟವೆಂದರೆ ಮಾಂಸದ ಹುರಿಗೆ ಜೊತೆಯಾದ ಆ ಆಲೂಗಡ್ಡೆಯ ಕಡುಬು. ಹಿಟ್ಟನ್ನು ಮನೆಯಲ್ಲಿ ಮಾಡುವುದನ್ನು ತಾವು ಬಿಟ್ಟು ಎಷ್ಟೋ ವರ್ಷವಾಯಿತು, ಅಗ್ಗದ ಅಂಗಡಿಯ ತಣ್ಣನೆಯ ಕಪಾಟಿನಲ್ಲಿ ಕಲಸಿದ ಹಿಟ್ಟೇ ಸಿಗುತ್ತದೆ, ನೀರು ಮಾತ್ರ ಕೊತಕೊತ ಕುದಿಯಬಾರದು ಎಂದು ಮೆಟ್ಟಿಲಿನ ಮೇಲೆ ನಿಂತೇ ಪಾಠ ಹೇಳಿದರು.

ಹಿಟ್ಟಿನ ಪೊಟ್ಟಣದಲ್ಲಿ ಮುಕ್ಕಾಲು ಕಿಲೋ ಇತ್ತು. ಪಟ್ಟಿಯಲ್ಲಿ ಆಲೂಗಡ್ಡೆ, ಗಂಜಿಯ ಪುಡಿ, ಉಪ್ಪು, ಬಣ್ಣ ಕಪ್ಪಾಗದಿರಲು ಸಲ್ಫೈಟ್, ಮೊಟ್ಟೆಯಿಲ್ಲ. ಕೈ ಒದ್ದೆ ಮಾಡಿಕೊಂಡು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಉಂಡೆ ಮಾಡಬೇಕು. ನಡುವೆ ಬೆಣ್ಣೆಯಲ್ಲಿ ಹುರಿದ ಬ್ರೆಡ್ಡಿನ ಚೂರುಗಳನ್ನಿಡುವುದು ಇಲ್ಲಿನ ಪದ್ಧತಿ. ನಾನು ಅರ್ಧದಷ್ಟಕ್ಕೆ ಬ್ರೆಡ್ಡು, ಅರ್ಧದಷ್ಟಕ್ಕೆ ಹುರಿಗಡಲೆ, ಕೊಬ್ಬರಿ, ಮೆಣಸಿನ ಪುಡಿಯ ಹೂರಣ ಇಟ್ಟೆ. ಉಪ್ಪುನೀರು ಸಣ್ಣಗೆ ನಡುಗುವ ಶಾಖದಲ್ಲಿ ಇಪ್ಪತ್ತು ನಿಮಿಷ. ಉಂಡೆಗಳು ಒಂದೊಂದಾಗಿ ಮೇಲೆ ತೇಲಿ ಬಂದು, ಮೈ ನುಣುಪಾಗಿ, ಬಿಳಿ ಬಣ್ಣ ಸ್ವಲ್ಪ ಗಾಜಿನಂತಾಗಿತ್ತು. ಅವನ್ನು ಮೂಲಂಗಿ ಹುಳಿಯಲ್ಲಿ ಅದ್ದಿ ತಿಂದೆವು. ಮುದ್ದೆಯಂತೆ ನುಂಗಲಾಗದು, ಅಗಿಯಲೇಬೇಕು. ಆದರೆ ಹುಳಿ ಹಿಡಿಯುವ ಗುಣದಲ್ಲಿ ಮುದ್ದೆಗೆ ದೂರದ ಸಂಬಂಧಿ ಎನ್ನಬಹುದು. ಹುರಿಗಡಲೆಯ ಹೂರಣದ ನಾಲ್ಕನ್ನು ಅಜ್ಜಿಗೆ ಕೊಟ್ಟು ಬಂದೆ. ತಟ್ಟೆ ಮರಳಿಸುವಾಗ ಅವರು, ಒಳಗಿನದು ಬಹಳ ಚೆನ್ನಾಗಿತ್ತು, ಆದರೆ ಇದನ್ನು ಕ್ಲೋಸ್ ಎಂದು ಬೇರೆಯವರ ಮುಂದೆ ಹೇಳಬೇಡಿ ಎಂದರು.

ಈ ಹೊತ್ತಿಗೆ ನನಗೆ ಒಂದು ವಿಷಯ ಹೊಳೆದಿತ್ತು. ಕ್ಯಾಲೆಂಡರಿನಲ್ಲಿ ಒಳ್ಳೆಯ ಷರಾ ಪಡೆದವೆಲ್ಲ ಅರ್ಧ ಕೆಲಸವಾಗಿ ನಿಂತ ಪದಾರ್ಥಗಳು: ತೊಳೆದ ಸೊಪ್ಪು, ಸುಲಿದ ಕಾಳು, ಕಲಸಿದ ಹಿಟ್ಟು, ಒಡೆದ ಗೋಧಿ. ಯಾರೋ ಬೇಸರದ ಭಾಗವನ್ನು ಮುಗಿಸಿ, ರುಚಿಯ ಭಾಗವನ್ನು ನನಗೆ ಬಿಟ್ಟಂಥವು. ಕೆಟ್ಟ ಷರಾ ಬಂದವೆಲ್ಲ ನನ್ನ ಪರವಾಗಿ ಒಗ್ಗರಣೆಯನ್ನೂ ತಾವೇ ನಿರ್ಧರಿಸಿದವು. ಬೆಲೆಯಲ್ಲೂ ಇದೇ ಕ್ರಮ. ಅಡುಗೆ ಮುಂದುವರಿದಷ್ಟೂ ಕಿಲೋ ದರ ಏರುತ್ತದೆ.

ಕಿಲೋ ದರವನ್ನು ಇಲ್ಲಿ ಬೆಲೆಚೀಟಿಯಲ್ಲಿ ಬರೆಯಲೇಬೇಕೆಂಬ ಕಾನೂನಿದೆ, ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತಾರೆ. ಕಾಬೂಲಿ ಕಡಲೆಯ ಡಬ್ಬಿಯ ಮುಂದೆ ನಿಂತಾಗ ಅದರ ಉಪಯೋಗ ತಿಳಿಯಿತು. ಡಬ್ಬಿಯ ಮೇಲೆ 400 ಗ್ರಾಂ ಎಂದಿದ್ದರೂ ನೀರು ಸೋಸಿದ ಮೇಲಿನ ತೂಕ 240 ಗ್ರಾಂ. ಕಿಲೋ ದರವನ್ನು ಈ ಸೋಸಿದ ತೂಕದ ಮೇಲೆಯೇ ಲೆಕ್ಕ ಹಾಕಬೇಕು. 89 ಸೆಂಟಿನ ಡಬ್ಬಿಯಲ್ಲಿ ಬೆಂದ ಕಡಲೆಯ ಕಿಲೋ ದರ ಸುಮಾರು 3 ಯೂರೋ 70 ಸೆಂಟ್ ಆಯಿತು. ಒಣಕಡಲೆ ಅರ್ಧ ಕಿಲೋಗೆ 1 ಯೂರೋ 79 ಸೆಂಟ್ ಕೊಟ್ಟೆ. ರಾತ್ರಿ ನೆನೆಸಿ ಬೇಯಿಸಿದರೆ ಅದು ಒಂದು ಕಿಲೋ ಮೀರಿತು. ಅಂದರೆ ಅರ್ಧ ಬೆಲೆಗೂ ಕಡಿಮೆ, ಕುಕ್ಕರಿನ ಕರೆಂಟು ಬೇರೆ. ಆದರೂ ಒಂದೆರಡು ಡಬ್ಬಿ ಮನೆಯಲ್ಲಿರಲಿ ಎನ್ನುತ್ತೇನೆ, ನೆನೆಹಾಕುವುದನ್ನು ಮರೆಯದ ಮನೆ ನಾನಿನ್ನೂ ಕಂಡಿಲ್ಲ.

ಎರಡು ನಿಮಿಷದಲ್ಲಿ ಬಿಸಿಯಾಗುವ, ಮೊದಲೇ ಬೇಯಿಸಿದ ಅನ್ನದ ಪೊಟ್ಟಣವನ್ನು ಐದನೆಯ ವಾರ ತಂದೆ. ಫ್ರೀಜರ್ ಬೇಡ, ಕಪಾಟಿನಲ್ಲೇ ತಿಂಗಳುಗಟ್ಟಲೆ ಇರುತ್ತದೆ. ಪೊಟ್ಟಣವನ್ನು ಮುಚ್ಚಿದ ಮೇಲೆ ಒತ್ತಡದ ಶಾಖದಲ್ಲಿ ಬೇಯಿಸಿ ಒಳಗಿನ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಈ ವಿಧಾನದಲ್ಲಿ ನಮ್ಮ ಮೈಸೂರಿಗೆ ಒಳ್ಳೆಯ ಹೆಸರಿದೆ: 1961ರಲ್ಲಿ ಆರಂಭವಾದ ಅಲ್ಲಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಗಡಿಯ ಸೈನಿಕರಿಗಾಗಿ ಪಲಾವು, ಬೇಳೆ, ಉಪ್ಪಿಟ್ಟುಗಳನ್ನು ಹೀಗೆ ಪೊಟ್ಟಣಕ್ಕಿಳಿಸಿತು, ಆ ತಂತ್ರಜ್ಞಾನ ಆಮೇಲೆ ಎಂ.ಟಿ.ಆರ್.ನಂತಹ ಸಂಸ್ಥೆಗಳ ಮೂಲಕ ಅಂಗಡಿಗೂ, ಅಲ್ಲಿಂದ ವಿದೇಶಕ್ಕೆ ಹೊರಟವರ ಸೂಟ್‌ಕೇಸಿಗೂ ಬಂತು. ನಾವು ಈ ಊರಿಗೆ ಬಂದಿಳಿದ ರಾತ್ರಿ, ಅದೂ ಭಾನುವಾರ, ಉಂಡದ್ದು ಅಂತಹ ಪೊಟ್ಟಣದ ಬಿಸಿಬೇಳೆಭಾತನ್ನೇ. ಇಲ್ಲಿನ ಅನ್ನದ ಪೊಟ್ಟಣ ಚಿತ್ರಾನ್ನಕ್ಕೆ ಹೇಳಿ ಮಾಡಿಸಿದಂತಿದೆ, ಅಗುಳು ಬಿಡಿಬಿಡಿಯಾಗಿ ಸ್ವಲ್ಪ ಎಣ್ಣೆಯಾಡಿಸಿಕೊಂಡೇ ಬರುತ್ತದೆ. ಆದರೆ ಕಾಲು ಕಿಲೋ ಅನ್ನಕ್ಕೆ ಕೊಟ್ಟ ಹಣದಲ್ಲಿ ಅರ್ಧ ಕಿಲೋ ಅಕ್ಕಿ ಬರುತ್ತಿತ್ತೆಂಬ ಲೆಕ್ಕ ತಿನ್ನುವಾಗ ಬಾಯಿಗೆ ಅಡ್ಡ ಬಂತು. ಪಾಯಸದಂತಹ ‘ಮಿಲ್ಶ್‌ರೈಸ್’ ಮಾಡಲು ಮಾರುವ ಗುಂಡಕ್ಕಿಯೇ ಮೇಲು. ಮೆತ್ತಗೆ ಬೆಂದು ಅಂಟಿಕೊಳ್ಳುವ ಅದರಿಂದ ಮೊಸರನ್ನವೂ ಸಂಕ್ರಾಂತಿಯ ಸಿಹಿ ಪೊಂಗಲ್ಲೂ ಸೊಗಸಾಗಿ ಆದವು.

ಆರನೆಯ ಶನಿವಾರ ಮುಗಿಸಿ ಬಂದು ಚೀಟಿಗಳನ್ನು ಮತ್ತೆ ಕೂಡಿಸಿದೆವು. ಭಾರತೀಯ ಅಂಗಡಿಯ ಪಟ್ಟಿ ತೊಗರಿಬೇಳೆ, ಕರಿಬೇವು, ಅಕ್ಕಿಹಿಟ್ಟು, ತೆಂಗಿನ ತುರಿ, ಸಾರಿನ ಪುಡಿಯ ಸಾಮಾನುಗಳಿಗೆ ಇಳಿದಿದೆ. ಕೇಕಿನ ಸಾಲಿನಲ್ಲಿ ಒಣಕೊಬ್ಬರಿಯ ಪುಡಿಯೂ ಅಗ್ಗಕ್ಕೆ ಸಿಗುತ್ತದೆ, ಫಿಲಿಪ್ಪೀನ್ಸಿನದು. ತಿಪಟೂರಿನ ಮಗಳು ಅದನ್ನು ಕೊಂಡಳೆಂದು ಅಮ್ಮನಿಗೆ ಇನ್ನೂ ಹೇಳಿಲ್ಲ. ಈಗ ಫ್ರೀಜರಿನ ಮೇಲಿನ ಡ್ರಾಯರಿನಲ್ಲಿ ಪಾಲಕ್ಕಿನ ಎರಡು ಪೊಟ್ಟಣ, ಮಧ್ಯದಲ್ಲಿ ದಪ್ಪಕಾಳು ಸಿಕ್ಕ ದಿನವೇ ತಂದಿಟ್ಟ ಮೂರು ಪೊಟ್ಟಣ ಮತ್ತು ಸಬ್ಬಸಿಗೆಯ ಪೆಟ್ಟಿಗೆಗಳಿವೆ. ಕೆಳಗಿನ ಡ್ರಾಯರಿನಲ್ಲಿ ಅರ್ಧ ಬೆಲೆಗೆ ಬಂದ ಎರಡನೆಯ ಕರಿಯ ಪೆಟ್ಟಿಗೆ ಆನೆಯ ಚಿತ್ರ ಮೇಲೆ ಮಾಡಿಕೊಂಡು ಮಲಗಿದೆ. ಅದರ ಮೇಲಿನ ದಿನಾಂಕಕ್ಕೆ ಇನ್ನೂ ಏಳು ತಿಂಗಳಿದೆ.